ಮನೆಗಿಂತ ಮೊದಲು ಲಾರಿ ಬರುತ್ತದೆ: ಪರಿಸರ ಅನುಮತಿಯಲ್ಲಿ ಆಕ್ಷೇಪಣೆ ಹೇಳುವ ವ್ಯವಸ್ಥೆ ಕೊಡಗಿಗೆ ಎಷ್ಟು ಉಪಯೋಗ?

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ಸರ್ಕಾರಿ ಸೇವೆ. ದೊಡ್ಡ ವಸತಿ ಯೋಜನೆಯೊಂದು ಬರುವಾಗ ಅದರ ಕಾಮಗಾರಿ ಲಾರಿಗಳ ಓಡಾಟದ ಬಗ್ಗೆ ಊರಿನವರು ತಮ್ಮ ಮಾತನ್ನು ಕಡತಕ್ಕೆ ಸೇರಿಸಲು ಏನೇನು ದಾರಿಗಳಿವೆ, ಅವು ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತವೆ ಎಂಬುದು ವಿಷಯ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣ, ಅನುಮತಿ ಕೊಡುವ ಬೆಂಗಳೂರಿನ ರಾಜ್ಯ ಮಟ್ಟದ ಪರಿಸರ ಆಘಾತ ಅಂದಾಜೀಕರಣ ಪ್ರಾಧಿಕಾರ, ಅದಕ್ಕೆ ಶಿಫಾರಸು ಮಾಡುವ ತಜ್ಞರ ಸಮಿತಿ, ಮತ್ತು ಇವುಗಳಿಂದ ಹೊರಗೆ ಜಿಲ್ಲೆಯೊಳಗೇ ಇರುವ ಕೆಲವು ಬಾಗಿಲುಗಳು ಇದರಲ್ಲಿ ಸೇರುತ್ತವೆ.

ತೀರ್ಪು ಮೊದಲೇ ಹೇಳಿಬಿಡೋಣ. ಕಡತ ಓದುವುದಕ್ಕೆ ಈ ಸೇವೆಗೆ ಐದಕ್ಕೆ ನಾಲ್ಕು. ಆಕ್ಷೇಪಣೆ ಹೇಳುವುದಕ್ಕೆ ಐದಕ್ಕೆ ಒಂದು. ಆ ಒಂದನ್ನೂ ಸರಿಯಾದ ಸಮಯಕ್ಕೆ, ಸರಿಯಾದ ಅಳತೆಗಳೊಂದಿಗೆ ಬರೆದವರು ಮಾತ್ರ ಪಡೆಯುತ್ತಾರೆ. "ನಮ್ಮ ಊರಿಗೆ ಈ ಯೋಜನೆ ಬೇಡ" ಎಂದು ನೂರು ಜನ ಸಹಿ ಹಾಕಿದ ಪತ್ರಕ್ಕಿಂತ "ಈ ಮೋರಿಯ ಅಗಲ ಇಷ್ಟು ಮೀಟರ್, ಇದರ ಮೇಲೆ ದಿನಕ್ಕೆ ಇಷ್ಟು ಟಿಪ್ಪರ್" ಎಂದು ಬರೆದ ಒಂದು ಪುಟಕ್ಕೆ ಇಲ್ಲಿ ಬೆಲೆ ಜಾಸ್ತಿ.

ಮೊದಲು ತಿಳಿದಿರಬೇಕಾದ ಕಹಿ ಸಂಗತಿ: ವಸತಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಇಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಆಘಾತ ಅಂದಾಜು ಅಧಿಸೂಚನೆಯಲ್ಲಿ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳು ಪಟ್ಟಿಯ 8ನೇ ಬಾಬ್ತಿಗೆ ಬರುತ್ತವೆ. ಬಿಲ್ಟ್-ಅಪ್ ವಿಸ್ತೀರ್ಣ 20,000 ಚದರ ಮೀಟರಿನಿಂದ 1,50,000 ಚದರ ಮೀಟರಿನ ಒಳಗಿದ್ದರೆ 8(ಎ). 1,50,000 ಮುಟ್ಟಿದರೆ ಅಥವಾ ಜಾಗ 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ ಮುಟ್ಟಿದರೆ 8(ಬಿ). ಇದೇ ಅಧಿಸೂಚನೆಯ 7ನೇ ಕಂಡಿಕೆ ಈ ಬಾಬ್ತಿನ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿದೆ. ಸಮಾಲೋಚನೆ ಕಡ್ಡಾಯವಿರುವ ಯೋಜನೆಗೆ 30 ದಿನದ ನೋಟಿಸ್, ಕನ್ನಡದಲ್ಲಿ ಸಾರಾಂಶ, ಜಿಲ್ಲಾಧಿಕಾರಿಯ ಅಥವಾ ಅವರ ಪ್ರತಿನಿಧಿಯ ಎದುರಿಗೆ ಸಭೆ ಎಲ್ಲವೂ ಇವೆ. ನೂರಾರು ಮನೆಗಳ ಸಮುಚ್ಚಯಕ್ಕೆ ಇದ್ಯಾವುದೂ ಇಲ್ಲ. ಹೋಲಿಕೆಗೆ ಹೇಳುವುದಾದರೆ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ 1970ರ ಪರಿಸರ ಗುಣಮಟ್ಟ ಕಾಯ್ದೆಯಡಿ ಕರಡು ವರದಿಗೆ ಸಾಮಾನ್ಯವಾಗಿ 45 ದಿನ ಆಕ್ಷೇಪಣೆಗೆ ಅವಕಾಶವಿರುತ್ತದೆ. ಬಂದ ಆಕ್ಷೇಪಣೆಗಳಿಗೆ ಅಂತಿಮ ವರದಿಯಲ್ಲಿ ಲಿಖಿತ ಉತ್ತರ ಕೊಡಲೇಬೇಕು. ನಮ್ಮಲ್ಲಿ ಉತ್ತರ ಕೊಡುವ ಹೊಣೆ ಯಾರಿಗೂ ಇಲ್ಲ. ಕೊಡಗಿನಂಥ ಜಿಲ್ಲೆಗೆ ಇದು ದೊಡ್ಡ ಅನ್ಯಾಯ.

ಹಾಗಾದರೆ ಪತ್ರ ಬರೆದು ಪ್ರಯೋಜನವಿದೆಯೇ? ಇದೆ. ತಜ್ಞರ ಸಮಿತಿ ಕಡತ ನೋಡುವ ಮುನ್ನ ಬಂದ ಪತ್ರವನ್ನು ಓದಬಾರದು ಎಂದು ಯಾವ ನಿಯಮವೂ ಹೇಳುವುದಿಲ್ಲ. ಸಮಿತಿಗೆ ಅನುಮಾನ ಬಂದರೆ ಯೋಜನೆಯವರಿಂದ ಹೆಚ್ಚುವರಿ ವಿವರ ಕೇಳಬಹುದು. ಪರಿವೇಶ್‌ನಲ್ಲಿ ಇದು ಎಡಿಎಸ್ ಎಂದು ಕಾಣಿಸುತ್ತದೆ. ಆ ಪ್ರಶ್ನೆ ಹುಟ್ಟುವಂತೆ ಬರೆಯುವುದೇ ಪತ್ರದ ಗುರಿ.

ಪರಿವೇಶ್ ಬಗ್ಗೆ ಒಳ್ಳೆಯ ಮಾತು. 2018ರ ಆಗಸ್ಟ್‌ನಲ್ಲಿ ಶುರುವಾದ ಈ ತಾಣದಲ್ಲಿ ಲಾಗಿನ್ ಇಲ್ಲದೆಯೇ ಪ್ರಸ್ತಾವನೆಯ ಸ್ಥಿತಿ ನೋಡಬಹುದು. ಸಂಖ್ಯೆ ಎಸ್‌ಐಎ, ಕೆಎ ಎಂದು ಶುರುವಾಗುತ್ತದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ರಾಜ್ಯ, ಯೋಜನೆಯ ಬಗೆ ಹಾಕಿ ಹುಡುಕಬೇಕು. ಅರ್ಜಿ, ನಕ್ಷೆ, ಕೆಎಂಎಲ್ ಕಡತ, ಸಭೆಯ ಕಾರ್ಯಸೂಚಿ, ನಡಾವಳಿ ಸಿಗುತ್ತವೆ. ಕೆಎಂಎಲ್ ಕಡತವನ್ನು ಇಳಿಸಿಕೊಂಡು ಗೂಗಲ್ ಅರ್ತ್‌ನಲ್ಲಿ ತೆರೆದರೆ ಜಾಗದ ಗಡಿ, ಇಳಿಜಾರು, ಹತ್ತಿರದ ತೋಡು, ಲಾರಿ ಬರಬೇಕಾದ ರಸ್ತೆ ಎಲ್ಲವೂ ಕಣ್ಣ ಮುಂದೆ ಬರುತ್ತವೆ. ಇದೊಂದೇ ಸೌಲಭ್ಯಕ್ಕೆ ನಾಲ್ಕು ಅಂಕ ಕೊಡಬಹುದು. ತೊಂದರೆ ಎಂದರೆ ಕಡತಗಳೆಲ್ಲ ಇಂಗ್ಲಿಷಿನಲ್ಲಿ, ಕೆಲವು ನೂರಾರು ಪುಟದ ಸ್ಕ್ಯಾನ್ ಪ್ರತಿಗಳು. ಅವುಗಳಲ್ಲಿ ಪದ ಹುಡುಕಲು ಆಗುವುದಿಲ್ಲ. ಇಡೀ ಕಡತ ಓದುವ ಅಗತ್ಯವೂ ಇಲ್ಲ.

ನೇರವಾಗಿ ಹೋಗಬೇಕಾದ್ದು ಎರಡು ಜಾಗಕ್ಕೆ. 2006ರ ಅಧಿಸೂಚನೆಯ ನಮೂನೆ 1ಎಯಲ್ಲಿ ವಾಯು ಪರಿಸರದ ವಿಭಾಗದಲ್ಲಿ ಪಾರ್ಕಿಂಗ್, ಈಗಿರುವ ರಸ್ತೆ ಸೌಕರ್ಯ, ಪ್ರವೇಶ ಮತ್ತು ನಿರ್ಗಮನದಲ್ಲಿ ಸಂಚಾರ ನಿರ್ವಹಣೆ, ವಾಹನಗಳ ಶಬ್ದ ಮತ್ತು ಕಂಪನದ ಪ್ರಶ್ನೆಗಳಿವೆ. ಕಟ್ಟಡ ಸಾಮಗ್ರಿಯ ವಿಭಾಗದಲ್ಲಿ, ನಿರ್ಮಾಣ ಕಾಲದಲ್ಲಿ ಸಾಮಗ್ರಿ ಸಾಗಿಸುವುದರಿಂದ ಆಗುವ ಮಾಲಿನ್ಯ, ಶಬ್ದ, ಸಾರ್ವಜನಿಕರಿಗೆ ತೊಂದರೆ ತಗ್ಗಿಸಲು ಏನು ಕ್ರಮ ಎಂಬ ಪ್ರಶ್ನೆಯಿದೆ. ಅರ್ಜಿಯ ರೂಪ ಈಚೆಗೆ ಬದಲಾಗಿದ್ದರೂ ಕೇಳುವ ಸಂಗತಿ ಇವೇ. ಮೊದಲನೆಯದಕ್ಕೆ ಉದ್ದನೆಯ ಉತ್ತರ, ಕೋಷ್ಟಕ, ಬಣ್ಣದ ನಕ್ಷೆ ಇರುತ್ತವೆ. ಎರಡನೆಯದಕ್ಕೆ ಹೆಚ್ಚಾಗಿ ಎರಡು ಸಾಲು: ವಾಹನಗಳಿಗೆ ಟಾರ್ಪಾಲು ಹೊದಿಸಲಾಗುವುದು, ನೀರು ಸಿಂಪಡಿಸಲಾಗುವುದು. ನಿಮ್ಮ ಆಕ್ಷೇಪಣೆ ಇರಬೇಕಾದ್ದು ಈ ಎರಡು ಸಾಲಿನ ಮೇಲೆ.

ಏಕೆಂದರೆ ಸಂಚಾರ ಅಧ್ಯಯನ ಎಂದು ಲಗತ್ತಿಸುವ ವರದಿ ಮನೆಗಳು ತುಂಬಿದ ಮೇಲಿನ ಕಾರುಗಳನ್ನು ಎಣಿಸುತ್ತದೆ. ಅದಕ್ಕಿಂತ ಮೊದಲಿನ ಎರಡು ಮೂರು ವರ್ಷದ ಲಾರಿಗಳನ್ನು ಎಣಿಸುವುದು ಅಪರೂಪ. ಕೊಡಗಿಗೆ ರೈಲಿಲ್ಲ. ಸಿಮೆಂಟು, ಕಬ್ಬಿಣ, ಟೈಲ್ಸ್ ಎಲ್ಲವೂ ಕುಶಾಲನಗರದ ಕೊಪ್ಪ ಸೇತುವೆ, ಸಂಪಾಜೆ, ತಿತಿಮತಿ, ಮಾಕುಟ್ಟ ಇಂಥ ಕೆಲವೇ ಕಡೆಯಿಂದ ರಸ್ತೆಯಲ್ಲೇ ಒಳಗೆ ಬರಬೇಕು. ಹೆದ್ದಾರಿ ಬಿಟ್ಟ ಮೇಲೆ ಕೊನೆಯ ನಾಲ್ಕೈದು ಕಿಲೋಮೀಟರ್ ತೋಟಗಳ ನಡುವಿನ ಒಂಟಿ ಪಥ. ಹಾಳಾಗುವುದು ಆ ಕೊನೆಯ ತುಂಡು.

ಲಾರಿ ಲೆಕ್ಕವನ್ನು ನೀವೇ ಹಾಕಬಹುದು, ಕಷ್ಟವಿಲ್ಲ. ಉದಾಹರಣೆಗೆ ಐದು ಎಕರೆ ಇಳಿಜಾರು, 20,000 ಚದರ ಮೀಟರ್ ಕಟ್ಟಡ ಎಂದುಕೊಳ್ಳಿ. ಐದು ಎಕರೆ ಎಂದರೆ ಸುಮಾರು 20,200 ಚದರ ಮೀಟರ್. ಸರಾಸರಿ ಒಂದೂವರೆ ಮೀಟರ್ ಕಡಿದರೆ 30,300 ಘನ ಮೀಟರ್ ಮಣ್ಣು. ಕಡಿದ ಮಣ್ಣು ಸಡಿಲವಾಗಿ ಉಬ್ಬುತ್ತದೆ. ಶೇ 25 ಎಂದು ಹಿಡಿದರೆ ಸುಮಾರು 37,900 ಘನ ಮೀಟರ್. ಅರ್ಧವನ್ನು ಅಲ್ಲೇ ತುಂಬಿಸಿ ಅರ್ಧ ಹೊರಗೆ ಸಾಗಿಸಿದರೂ 10 ಘನ ಮೀಟರ್ ಹಿಡಿಯುವ ಟಿಪ್ಪರ್‌ನಲ್ಲಿ ಸುಮಾರು 1,900 ಲೋಡು. ಹೋಗಿ ಬರುವುದು ಸೇರಿದರೆ 3,800 ಓಡಾಟ. ಕಾಂಕ್ರೀಟ್ ಚದರ ಮೀಟರಿಗೆ 0.4 ಘನ ಮೀಟರ್ ಎಂದರೆ 8,000 ಘನ ಮೀಟರ್. 6 ಘನ ಮೀಟರಿನ ಮಿಕ್ಸರ್ ಲಾರಿಯಲ್ಲಿ 1,300ಕ್ಕೂ ಹೆಚ್ಚು ಲೋಡು. ಕಬ್ಬಿಣ ಚದರಡಿಗೆ 4 ಕಿಲೋ ಲೆಕ್ಕದಲ್ಲಿ 860 ಟನ್, 16 ಟನ್ನಿನ ಲಾರಿಗೆ 54 ಲೋಡು. ಬ್ಲಾಕು, ಕಲ್ಲು, ಟೈಲ್ಸ್, ನೀರಿನ ಟ್ಯಾಂಕರ್, ಕೆಲಸಗಾರರ ಜೀಪು ಇದರಲ್ಲಿ ಸೇರಿಲ್ಲ.

ಈಗ ಈ ಸಂಖ್ಯೆಯನ್ನು ದಿನಕ್ಕೆ ಹಂಚುವಾಗ ಕಣ್ಣಿಡಿ. ಮೂರೂ ಸೇರಿ ಸುಮಾರು 6,600 ಓಡಾಟವನ್ನು ಎರಡು ವರ್ಷದ 730 ದಿನಕ್ಕೆ ಹಂಚಿದರೆ ದಿನಕ್ಕೆ ಒಂಬತ್ತು. ಏನೂ ಅಲ್ಲ ಅನಿಸುತ್ತದೆ. ಆದರೆ ಕೊಡಗಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಣ್ಣಿನ ಕೆಲಸ ನಡೆಯುವಂತಿಲ್ಲ, ನಡೆಯಲೂಬಾರದು. ಮಳೆಗಾಲದಲ್ಲಿ ಜಿಲ್ಲಾಧಿಕಾರಿ ಭಾರಿ ವಾಹನ ನಿರ್ಬಂಧಿಸಿ ಆದೇಶ ಹೊರಡಿಸುತ್ತಾರೆ. ಈಚಿನ ವರ್ಷಗಳ ಆದೇಶಗಳಲ್ಲಿ ಮರದ ದಿಮ್ಮಿ, ಮರಳು ಸಾಗಣೆಯ ಜೊತೆಗೆ 18,500 ಕಿಲೋ ಮೀರಿದ ಸರಕು ವಾಹನಗಳೂ ಇದ್ದವು. ಆರು ಘನ ಮೀಟರ್ ಕಾಂಕ್ರೀಟ್ ಒಂದೇ 14 ಟನ್ ದಾಟುತ್ತದೆ. ಲಾರಿಯ ತೂಕ ಸೇರಿ 25 ಟನ್ನಿನ ಆಸುಪಾಸು. ತುಂಬಿದ 10 ಘನ ಮೀಟರ್ ಟಿಪ್ಪರ್‌ನ ತೂಕವೂ ಅಷ್ಟೇ. ಅಂದರೆ ಆದೇಶ ಜಾರಿಯಲ್ಲಿರುವಷ್ಟು ದಿನ ಈ ಎರಡೂ ರಸ್ತೆಗೆ ಇಳಿಯುವಂತಿಲ್ಲ. ಕೆಲಸದ ದಿನಗಳು ವರ್ಷಕ್ಕೆ ಹೆಚ್ಚೆಂದರೆ 175. ದಿನದ ಸರಾಸರಿ ಅಲ್ಲಿಗೇ ಎರಡು ಪಟ್ಟಾಯಿತು. ಮಣ್ಣು ತೆಗೆಯುವುದು ಮೊದಲ ಬೇಸಿಗೆಯ ಮೂರು ತಿಂಗಳಲ್ಲಿ ಮುಗಿಯುವ ಕೆಲಸ. 75 ದಿನಕ್ಕೆ 3,800 ಓಡಾಟವೆಂದರೆ ದಿನಕ್ಕೆ ಐವತ್ತರ ಮೇಲೆ, ಹತ್ತು ಗಂಟೆಯ ಕೆಲಸದಲ್ಲಿ ಹನ್ನೆರಡು ನಿಮಿಷಕ್ಕೊಂದು. ಸ್ಲ್ಯಾಬ್ ಹಾಕುವ ದಿನ ಇನ್ನೂ ಬೇರೆ: 180 ಘನ ಮೀಟರಿನ ಸ್ಲ್ಯಾಬಿಗೆ ಒಂದೇ ದಿನ 30 ಮಿಕ್ಸರ್, 60 ಓಡಾಟ, ಕಾಂಕ್ರೀಟ್ ಗಟ್ಟಿಯಾಗುತ್ತದೆ ಎಂಬ ಅವಸರ ಬೇರೆ. ಮಳೆಯಿಲ್ಲದ ಈ ತಿಂಗಳುಗಳೇ ಕಾಫಿ ಕೊಯ್ಲಿನ ಕಾಲ. ಅರೇಬಿಕಾ, ರೋಬಸ್ಟಾ ಕೊಯ್ಲು ಸೇರಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಕೆಲಸದವರ ಜೀಪು, ಕಾಫಿ ಮೂಟೆಯ ಪಿಕಪ್‌ಗಳು ಅದೇ ರಸ್ತೆಯಲ್ಲಿರುತ್ತವೆ. ಡಿಸೆಂಬರ್ ರಜೆ, ಏಪ್ರಿಲ್–ಮೇ ತಿಂಗಳ ಪ್ರವಾಸಿಗಳ ಗಾಡಿಗಳೂ ಸೇರುತ್ತವೆ. ವರದಿಯಲ್ಲಿ ವಾರ್ಷಿಕ ಸರಾಸರಿ ಕಂಡರೆ ಅದನ್ನು ಒಪ್ಪದಿರಲು ಇಷ್ಟು ಕಾರಣ ಸಾಕು.

8(ಬಿ) ಯೋಜನೆಗಳಲ್ಲಿ ಇನ್ನೊಂದು ಲೋಪ. ಅಲ್ಲಿ ಪೂರ್ಣ ಅಂದಾಜು ವರದಿ ಬೇಕು, ಆದರೆ ಮೂಲ ಸ್ಥಿತಿಯ ಅಳತೆಯನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ ಮಾಡುತ್ತಾರೆ. ಬಯಲುಸೀಮೆಗೆ ಅದು ಸರಿಯಿರಬಹುದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ನಡುವೆ ರಾಷ್ಟ್ರೀಯ ಹೆದ್ದಾರಿ 275 ಕುಸಿದು ಸಂಪರ್ಕವೇ ಕಡಿದುಹೋದ ಜಿಲ್ಲೆಯಲ್ಲಿ, ಫೆಬ್ರುವರಿಯ ಒಣ ರಸ್ತೆಯನ್ನು ಅಳೆದು ತೀರ್ಮಾನಕ್ಕೆ ಬರುವುದು ತಪ್ಪು. ಪತ್ರದಲ್ಲಿ ಇದನ್ನು ಬರೆಯಿರಿ; ಮಳೆಗಾಲದ ಫೋಟೋಗಳನ್ನು ದಿನಾಂಕ, ಸ್ಥಳದ ಗುರುತು ಸಮೇತ ಲಗತ್ತಿಸಿ.

ಊರಿನವರ ಆಕ್ಷೇಪಣೆ ಸಾಮಾನ್ಯವಾಗಿ ಎಡವುವುದು ಇಲ್ಲಿ. "ಟ್ರಾಫಿಕ್ ಜಾಮ್ ಆಗುತ್ತದೆ" ಎಂದು ಬರೆದರೆ ಯೋಜನೆಯವರ ಸಲಹೆಗಾರರು ಸುಲಭವಾಗಿ ಗೆಲ್ಲುತ್ತಾರೆ. ಅವರ ಲೆಕ್ಕ ವಿ/ಸಿ ಅನುಪಾತ, ಅಂದರೆ ರಸ್ತೆಯ ಸಾಮರ್ಥ್ಯದಲ್ಲಿ ಎಷ್ಟು ಭಾಗ ವಾಹನ ಓಡುತ್ತಿದೆ ಎಂಬುದು. ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 64ರಲ್ಲಿ ಲಾರಿ, ಬಸ್ಸಿಗೆ 3 ಪಿಸಿಯು (ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತರುವ ಮಾನ), ಕಾರಿಗೆ 1, ಬೈಕಿಗೆ 0.5. ಗುಡ್ಡಗಾಡಿನ ತಿರುವು ಹೆಚ್ಚಿರುವ ಒಂಟಿ ಪಥಕ್ಕೆ ದಿನಕ್ಕೆ 1,400 ಪಿಸಿಯು ಸಾಮರ್ಥ್ಯ. ಐವತ್ತು ಟಿಪ್ಪರ್ ಓಡಾಟಕ್ಕೆ 150 ಪಿಸಿಯು, ಅಂದರೆ ಸಾಮರ್ಥ್ಯದ ಶೇ 11. ಕಾಗದದ ಮೇಲೆ ಪರವಾಗಿಲ್ಲ ಎಂದೇ ಬರುತ್ತದೆ. ಹಾಗಾಗಿ ದಟ್ಟಣೆಯ ಲೆಕ್ಕದಲ್ಲಿ ವಾದ ಮಾಡಬೇಡಿ, ಅಗಲದ ಲೆಕ್ಕದಲ್ಲಿ ಮಾಡಿ. ಒಂದೇ ಒಂದು ವಿನಾಯಿತಿ: ವರದಿಯಲ್ಲಿ ಬಯಲಿನ ರಸ್ತೆಯ ಸಾಮರ್ಥ್ಯವನ್ನು ಬಳಸಿದ್ದರೆ, ಅಂದರೆ ಎರಡು ಪಥದ ರಸ್ತೆಗೆ 15,000 ಪಿಸಿಯು ಎಂದು ಹಾಕಿದ್ದರೆ, ಅದನ್ನು ಬಿಡಬೇಡಿ. ಗುಡ್ಡಗಾಡಿನ ಎರಡು ಪಥಕ್ಕೆ ಅದೇ ಗ್ರಂಥ ಕೊಡುವುದು 5,000ದಿಂದ 7,000.

ಅಗಲದ ವಾದ ಹೀಗೆ. ಲಾರಿ, ಬಸ್ಸಿನ ಕಾನೂನುಬದ್ಧ ಗರಿಷ್ಠ ಅಗಲ 2.6 ಮೀಟರ್. ಎರಡು ಎದುರಾದರೆ 5.2 ಮೀಟರ್, ನಡುವಿನ ಜಾಗ ಬೇರೆ. ಡಾಂಬರು ಇರುವುದು 3.75 ಮೀಟರ್, ಎಷ್ಟೋ ಕಡೆ 3 ಮೀಟರ್. ಒಂದು ಗಾಡಿ ಡಾಂಬರಿನಿಂದ ಕೆಳಗಿಳಿಯಲೇಬೇಕು. ಒಂದು ಬದಿ ಚರಂಡಿ, ಅದರ ಆಚೆ ನೆಟ್ಟಗೆ ನಿಂತ ಬರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ. ಇನ್ನೊಂದು ಬದಿ ಕೆಳಗೆ ತೋಟ ಅಥವಾ ಗದ್ದೆ. ಒಂದು ತಿರುವನ್ನು ಹತ್ತಿರದಿಂದ ನೋಡಿ. ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಹೋಗುವುದಿಲ್ಲ, ಒಳಕ್ಕೆ ಎಳೆಯುತ್ತದೆ. ಒಳಬದಿಯ ಚರಂಡಿ ಅಂಚು ಮೊದಲು ಒಡೆಯುತ್ತದೆ, ಚರಂಡಿಗೆ ಮಣ್ಣು ತುಂಬುತ್ತದೆ. ಮೊದಲ ಮಳೆಗೆ ನೀರು ಚರಂಡಿ ಬಿಟ್ಟು ರಸ್ತೆ ದಾಟಿ ಹೊರಬದಿಗೆ ಹರಿಯುತ್ತದೆ. ಅಲ್ಲಿ ಲಾರಿ ಇಳಿದು ಮೆತ್ತಗಾದ ಅಂಚು ನೀರು ಕುಡಿದು ಜಾರುತ್ತದೆ. ಜುಲೈನಲ್ಲಿ ಕುಸಿದ ರಸ್ತೆಯ ಕಾರಣ ಮಾರ್ಚ್‌ನಲ್ಲಿ ಓಡಿದ ಟಿಪ್ಪರ್ ಆಗಿರುತ್ತದೆ. ಆದರೆ ಆ ಹೊತ್ತಿಗೆ ಟಿಪ್ಪರ್ ಹೋಗಿ ನಾಲ್ಕು ತಿಂಗಳಾಗಿರುತ್ತದೆ, ದೋಷ ಮಳೆಯ ಮೇಲೆ ಬೀಳುತ್ತದೆ. ಆದ್ದರಿಂದಲೇ ಮೊದಲ ಲಾರಿ ಬರುವ ಮುನ್ನ ರಸ್ತೆಯ ಸ್ಥಿತಿಯನ್ನು ವಿಡಿಯೋ ಮಾಡಿ ಕಡತಕ್ಕೆ ಸೇರಿಸುವ ಷರತ್ತು ಎಲ್ಲಕ್ಕಿಂತ ಮುಖ್ಯ.

ಭಾರದ ವಾದವೂ ಜೊತೆಗಿರಲಿ. ಅಚ್ಚಿನ ಭಾರ ಏರಿದಂತೆ ರಸ್ತೆಗೆ ಆಗುವ ಹಾನಿ ಅದರ ನಾಲ್ಕನೇ ಘಾತದಷ್ಟು ಏರುತ್ತದೆ ಎಂಬುದು ರಸ್ತೆ ಎಂಜಿನಿಯರುಗಳು ಒಪ್ಪಿರುವ ಲೆಕ್ಕ. ಶೇ 20 ಹೆಚ್ಚು ಭಾರ ಹೊತ್ತರೆ ಹಾನಿ ಎರಡು ಪಟ್ಟು. ಎರಡು ಅಚ್ಚಿನ ಲಾರಿಗೆ ಒಟ್ಟು 18.5 ಟನ್, ಮೂರು ಅಚ್ಚಿಗೆ 28.5 ಟನ್ ಮಿತಿ. ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000. ಒಂದು ಎಚ್ಚರಿಕೆ: "ಸಣ್ಣ ಲಾರಿ ಮಾತ್ರ ಬಿಡಿ" ಎಂದಷ್ಟೇ ಬರೆದು ನಿಲ್ಲಿಸಬೇಡಿ. 7 ಘನ ಮೀಟರಿನ ಟಿಪ್ಪರ್ ಆದರೆ 1,900 ಲೋಡು 2,700 ಆಗುತ್ತದೆ. ಸೇತುವೆ, ಮೋರಿ ದುರ್ಬಲವಿದ್ದರೆ ಸಣ್ಣ ಲಾರಿ ಕೇಳಿ. ಶಾಲೆ, ಮನೆಗಳ ಸಾಲು ಇದ್ದರೆ ಲೋಡಿನ ಒಟ್ಟು ಸಂಖ್ಯೆಗೇ ಮಿತಿ ಕೇಳಿ. ಎಲ್ಲಕ್ಕಿಂತ ಒಳ್ಳೆಯದು, ಕಡಿಯುವುದನ್ನೇ ಕಡಿಮೆ ಮಾಡಿ ಇಳಿಜಾರಿಗೆ ಹೊಂದುವ ವಿನ್ಯಾಸ ಕೇಳುವುದು. ಒಂದೂವರೆ ಮೀಟರ್ ಕಡಿತ ಮುಕ್ಕಾಲು ಮೀಟರಿಗೆ ಇಳಿದರೆ ಮಣ್ಣಿನ ಲೋಡು ಅರ್ಧವಾಗುತ್ತದೆ, ಬರೆಯೂ ಉಳಿಯುತ್ತದೆ.

ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಬಿಡಬಾರದು. ಕಡತಗಳಲ್ಲಿ "ಅಧಿಕೃತ ಸ್ಥಳಕ್ಕೆ ವಿಲೇವಾರಿ" ಎಂದಿರುತ್ತದೆ. ಕೊಡಗಿನಲ್ಲಿ ಗುಡ್ಡದಿಂದ ತೆಗೆದ ಮಣ್ಣಿಗೆ ಸುಲಭದ ಜಾಗ ಎಂದರೆ ಪಾಳು ಬಿದ್ದ ಗದ್ದೆ ಅಥವಾ ತೋಡಿನ ಅಂಚು. ಗದ್ದೆ ತುಂಬಿದರೆ ಮಳೆ ನೀರು ನಿಲ್ಲುವ ಜಾಗ ಹೋಯಿತು. 2018 ಮತ್ತು 2019ರಲ್ಲಿ ಕುಶಾಲನಗರದ ನದಿ ಬದಿಯ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದನ್ನು ಎಲ್ಲರೂ ಕಂಡಿದ್ದಾರೆ. ಮಣ್ಣು ಸುರಿಯುವ ಜಾಗದ ಸರ್ವೆ ನಂಬರ್, ಅಲ್ಲಿಗೆ ಹೋಗುವ ದಾರಿ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ, ಮೂರನ್ನೂ ಕೇಳಿ. ಸರ್ವೆ ನಂಬರ್ ಇಲ್ಲದ ಮಣ್ಣು ವಿಲೇವಾರಿ ಯೋಜನೆಯನ್ನು ಒಪ್ಪಬಾರದು ಎಂದು ನೇರವಾಗಿ ಬರೆಯಿರಿ.

ಪತ್ರಕ್ಕೆ ಬೇಕಾದ ಅಳತೆ ಮಾಡಲು ಒಂದು ಟೇಪು, ಫೋನು, ಇಬ್ಬರು ಜನ ಸಾಕು. ಹೆದ್ದಾರಿ ಬಿಡುವ ಕಡೆ ಶೂನ್ಯ ಎಂದು ಹಿಡಿದು ಪ್ರತಿ 100 ಮೀಟರಿಗೆ ಡಾಂಬರಿನ ಅಗಲ, ಎರಡೂ ಬದಿಯ ಮಣ್ಣಿನ ಅಂಚಿನ ಅಗಲ ಬರೆದುಕೊಳ್ಳಿ. ಪ್ರತಿ ಮೋರಿಯ ತಡೆಗೋಡೆಗಳ ನಡುವಿನ ಅಂತರ, ಬಿರುಕು ಇದ್ದರೆ ಫೋಟೋ. ಪ್ರತಿ ಕುರುಡು ತಿರುವಿನಲ್ಲಿ ಎದುರಿನವರು ಎಷ್ಟು ದೂರದಲ್ಲಿ ಕಾಣುತ್ತಾರೆ ಎಂಬ ಅಳತೆ. ಹಳೆ ಕುಸಿತದ ಗುರುತು, ಕಲ್ಲುಕಟ್ಟಣೆ ಇರುವ ಜಾಗ. ವಾಹನ ಎಣಿಕೆಯನ್ನು ಬೆಳಗ್ಗೆ 6ರಿಂದ ಸಂಜೆ 6ರವರೆಗೆ, ಹದಿನೈದು ನಿಮಿಷಕ್ಕೊಂದು ಗೆರೆ ಎಳೆದು, ಒಂದು ಕೆಲಸದ ದಿನ ಮತ್ತು ಒಂದು ಭಾನುವಾರ ಮಾಡಿ. ಶಾಲಾ ವಾಹನ, ಕಾಲ್ನಡಿಗೆಯವರನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಸಲಹೆಗಾರರ ಎಣಿಕೆಯಲ್ಲಿ ನಡೆದು ಹೋಗುವ ಮಕ್ಕಳು, ಲೈನ್ ಮನೆಯಿಂದ ತೋಟಕ್ಕೆ ನಡೆಯುವ ಕಾರ್ಮಿಕರು ಬರುವುದಿಲ್ಲ. ರಸ್ತೆ ಯಾರದ್ದು ಎಂಬುದನ್ನೂ ಖಚಿತ ಮಾಡಿಕೊಳ್ಳಿ: ಜಿಲ್ಲಾ ಮುಖ್ಯ ರಸ್ತೆಯಾದರೆ ಲೋಕೋಪಯೋಗಿ, ಗ್ರಾಮ ರಸ್ತೆಯಾದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಆ ಕಚೇರಿಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಮೋರಿ, ಸೇತುವೆಯ ಭಾರ ಸಾಮರ್ಥ್ಯ, ರಸ್ತೆಯ ವಿನ್ಯಾಸ ದಪ್ಪ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ ಹಿಡಿಯುವುದರಿಂದ ಇದನ್ನು ಮೊದಲೇ ಹಾಕಬೇಕು.

ಪತ್ರದ ಭಾಷೆ ಹೀಗಿದ್ದರೆ ಕೆಲಸಕ್ಕೆ ಬರುತ್ತದೆ: "ಪ್ರಸ್ತಾವನೆ ಸಂಖ್ಯೆ ಇಂಥದ್ದು. ಹೆದ್ದಾರಿಯಿಂದ 1.4 ಕಿ.ಮೀ. ದೂರದ ಮೋರಿಯ ಅಗಲ 3.1 ಮೀಟರ್, ಹೊರಬದಿಯ ತಡೆಗೋಡೆ ಬಿರುಕು ಬಿಟ್ಟಿದೆ, ಫೋಟೋ 6. ಅರ್ಜಿಯ ಸಂಚಾರ ಅಧ್ಯಯನದಲ್ಲಿ ಈ ಮೋರಿಯ ಪ್ರಸ್ತಾಪವಿಲ್ಲ, ನಿರ್ಮಾಣ ಹಂತದ ಲಾರಿಗಳ ಸಂಖ್ಯೆಯೂ ಇಲ್ಲ. ದಿನವಾರು ಗರಿಷ್ಠ ಸಂಖ್ಯೆ, ಬಳಸುವ ದಾರಿ, ಮೋರಿಯ ಭಾರ ಸಾಮರ್ಥ್ಯದ ಪ್ರಮಾಣಪತ್ರ ಬರುವವರೆಗೆ ಪ್ರಸ್ತಾವನೆಯನ್ನು ಮುಂದೂಡಬೇಕೆಂದು ಕೋರುತ್ತೇವೆ." ಎರಡು ಪುಟ, ಒಂದು ನಕ್ಷೆ, ಒಂದು ಕೋಷ್ಟಕ. ಕನ್ನಡದಲ್ಲೇ ಬರೆಯಿರಿ, ಕೋಷ್ಟಕವನ್ನು ಮಾತ್ರ ಇಂಗ್ಲಿಷಿನಲ್ಲೂ ಕೊಟ್ಟರೆ ಸಭೆಯಲ್ಲಿ ಎಲ್ಲ ಸದಸ್ಯರ ಕಣ್ಣಿಗೂ ಬೀಳುತ್ತದೆ. ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಇಮೇಲ್ ಮಾಡಿ, ಅದೇ ದಿನ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ; ತಜ್ಞರ ಸಮಿತಿ, ಜಿಲ್ಲಾಧಿಕಾರಿ, ರಸ್ತೆಯ ಇಲಾಖೆಗೆ ಪ್ರತಿ. ಒಂದೇ ಒಕ್ಕಣೆಯ ನೂರು ಜೆರಾಕ್ಸ್ ಪತ್ರಗಳನ್ನು ಒಂದೇ ಪತ್ರವೆಂದು ನೋಡುತ್ತಾರೆ. ಅದರ ಬದಲು ಗ್ರಾಮಸಭೆಯ ನಿರ್ಣಯದ ದೃಢೀಕೃತ ಪ್ರತಿ ಲಗತ್ತಿಸಿದರೆ ತೂಕ ಬೇರೆ.

ಸಮಯ ತಪ್ಪಿದರೆ ಎಲ್ಲವೂ ವ್ಯರ್ಥ. ಸಮಿತಿಯ ಕಾರ್ಯಸೂಚಿ ಬರುವುದಕ್ಕೂ ಸಭೆಗೂ ನಡುವೆ ಹೆಚ್ಚು ದಿನ ಸಿಗುವುದಿಲ್ಲ. ಪ್ರಸ್ತಾವನೆ ತಾಣದಲ್ಲಿ ಕಂಡ ವಾರವೇ ಮೊದಲ ಪತ್ರ ಹೋಗಬೇಕು, ಅಳತೆಯ ಪತ್ರ ಹಿಂದಿನಿಂದ ಹೋಗಲಿ. ಸಮಿತಿ ಶಿಫಾರಸು ಮಾಡಿದ ಮೇಲೆ ಪ್ರಾಧಿಕಾರದ ಮುಂದೆ ಬರುವ ನಡುವೆ ಇನ್ನೊಂದು ಸಣ್ಣ ಅವಕಾಶ ಇದೆ.

ಏನು ಬೇಡಬೇಕು? ಷರತ್ತು ಎಂದರೆ ಅಳೆಯಲು ಬರುವಂತಿರಬೇಕು. "ಸಂಚಾರಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳತಕ್ಕದ್ದು" ಎಂಬ ಷರತ್ತಿನಿಂದ ಯಾರಿಗೂ ಏನೂ ಆಗುವುದಿಲ್ಲ. ಶಾಲೆ ಶುರುವಾಗುವ, ಬಿಡುವ ಹೊತ್ತಿನಲ್ಲಿ ಲಾರಿ ಬೇಡ ಎಂದು ಗಂಟೆ ಸಮೇತ ಬರೆಸಿ. ರಾತ್ರಿ ಸಾಗಣೆ ಬೇಡ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ, ಸಿದ್ದಾಪುರ, ತಿತಿಮತಿ ಕಡೆಯಾದರೆ ಆನೆ ರಸ್ತೆ ದಾಟುವ ಕಾರಣವೂ ಸೇರುತ್ತದೆ. ಕಿಲೋಮೀಟರಿಗೆ ಎರಡು ಮೂರು ಕಡೆ ಗಾಡಿ ಸರಿದು ನಿಲ್ಲುವ ಜಾಗವನ್ನು ಕೆಲಸ ಶುರುವಾಗುವ ಮುನ್ನವೇ ಯೋಜನೆಯವರ ಖರ್ಚಿನಲ್ಲಿ ಮಾಡಿಸಬೇಕು. ಒಂಟಿ ಪಥದ ಗುಡ್ಡ ರಸ್ತೆಯಲ್ಲಿ ಇಂಥ ಜಾಗಕ್ಕೆ 3.75 ಮೀಟರ್ ಅಗಲ, ರಸ್ತೆಗೆ ತಾಗಿದ ಬದಿ 30 ಮೀಟರ್, ಆಚೆ ಬದಿ 20 ಮೀಟರ್ ಉದ್ದ ಎಂಬ ಅಳತೆ ರಸ್ತೆ ಕಾಂಗ್ರೆಸ್ ಕೈಪಿಡಿಯಲ್ಲೇ ಇದೆ. ಅದಕ್ಕಾಗಿ ಬರೆ ಕಡಿಯಬಾರದು, ಸಹಜವಾಗಿ ಅಗಲವಿರುವ ಜಾಗವನ್ನೇ ಆರಿಸಬೇಕು ಎಂಬುದನ್ನೂ ಸೇರಿಸಿ. ಜಾಗದ ಬಾಗಿಲಲ್ಲಿ ಚಕ್ರ ತೊಳೆಯುವ ತೊಟ್ಟಿ, ಆ ನೀರು ತೋಡಿಗೆ ಹೋಗದಂತೆ ಹೂಳು ಗುಂಡಿ. ರಸ್ತೆ ದುರಸ್ತಿಗೆ ಇಲಾಖೆಯ ಹೆಸರಿನಲ್ಲಿ ಬ್ಯಾಂಕ್ ಗ್ಯಾರಂಟಿ, ಮೇ ತಿಂಗಳ ಕೊನೆಗೆ ಚರಂಡಿ ಹೂಳು ತೆಗೆಸುವ ಹೊಣೆ. ಧೂಳಿನ ವಿಷಯದಲ್ಲಿ 2018ರ ಜನವರಿ 25ರ ಪರಿಸರ (ಸಂರಕ್ಷಣೆ) ತಿದ್ದುಪಡಿ ನಿಯಮವನ್ನು ಹೆಸರಿಸಿ. ಸಾಮಗ್ರಿ ವಾಹನಗಳ ಹೊದಿಕೆ ಅದರಲ್ಲಿ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸತ್ಯ: ಕೊಡಗಿನ ಬಹುಪಾಲು ಲೇಔಟುಗಳು ಈ ಅನುಮತಿಯ ವ್ಯಾಪ್ತಿಗೇ ಬರುವುದಿಲ್ಲ. ಹದಿನೈದು ಎಕರೆ ಕಾಫಿ ತೋಟವನ್ನು ಸೈಟು ಮಾಡಿ ಮಾರುವುದಕ್ಕೆ 50 ಹೆಕ್ಟೇರ್ ಆಗುವುದಿಲ್ಲ, ಬಿಲ್ಟ್-ಅಪ್ 20,000 ಮುಟ್ಟುವುದಿಲ್ಲ. ಪರಿವೇಶ್‌ನಲ್ಲಿ ಹುಡುಕಿ ಸಿಗಲಿಲ್ಲವೆಂದರೆ ಸಾಮಾನ್ಯವಾಗಿ ಇದೇ ಕಾರಣ. ಒಂದೇ ಒಡೆತನದ ಅಕ್ಕಪಕ್ಕದ ಸರ್ವೆ ನಂಬರುಗಳಲ್ಲಿ 19,000 ಚದರ ಮೀಟರಿನ ಎರಡು ಯೋಜನೆ ಕಂಡರೆ ಮಾತ್ರ, ಮಿತಿ ತಪ್ಪಿಸಲು ಒಂದನ್ನೇ ಎರಡಾಗಿ ಒಡೆದಿರಬಹುದು; ಒಂದೇ ರಸ್ತೆ, ಒಂದೇ ಕೊಳಚೆ ನೀರು ಘಟಕ ಬಳಸುತ್ತಿವೆಯೇ ನೋಡಿ, ಎರಡರ ನಕ್ಷೆ ಲಗತ್ತಿಸಿ ಪ್ರಾಧಿಕಾರಕ್ಕೆ ಬರೆಯಿರಿ.

ಉಳಿದವಕ್ಕೆ ಜಿಲ್ಲೆಯ ಬಾಗಿಲುಗಳೇ ಗತಿ, ಅವು ಬೆಂಗಳೂರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಭೂಪರಿವರ್ತನೆಗೆ ಸಾರ್ವಜನಿಕ ವಿಚಾರಣೆಯ ಹಂತವಿಲ್ಲ, ಆದರೆ ಜಿಲ್ಲಾಧಿಕಾರಿ ಇಲಾಖೆಗಳ ಅಭಿಪ್ರಾಯ ಕೇಳುತ್ತಾರೆ. ನಿಮ್ಮ ಅಳತೆಯ ಪ್ರತಿ ಆ ಇಲಾಖೆಗಳ ಕೈಯಲ್ಲಿರಲಿ. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಭೂಬಳಕೆ ಬದಲಾವಣೆ ಬೇಕಿದ್ದರೆ ನಗರ ಯೋಜನಾ ಕಾಯ್ದೆಯ 14-ಎ ಕಲಂ ಪ್ರಕಾರ ಆಕ್ಷೇಪಣೆ ಕರೆದು ಪ್ರಕಟಣೆ ಬರಲೇಬೇಕು. ಈ ಪ್ರಕಟಣೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಸರ್ವೆ ನಂಬರ್ ಮಾತ್ರ ಇರುತ್ತದೆ. ಊರಿನ ಸರ್ವೆ ನಂಬರುಗಳ ಪಟ್ಟಿ ಒಬ್ಬರ ಕೈಯಲ್ಲಿದ್ದರೆ ತಪ್ಪಿಹೋಗುವುದಿಲ್ಲ. ಗ್ರಾಮಸಭೆಗೆ ನಾಲ್ಕು ಅಂಕ ಕೊಡಬಹುದು, ನಿರ್ಣಯವನ್ನು ಪುಸ್ತಕದಲ್ಲಿ ಬರೆಸಿ ಪಿಡಿಒ ಸಹಿ ಹಾಕಿಸಿಕೊಂಡು ಬಂದರೆ ಮಾತ್ರ. ಕೆಲಸ ಶುರುವಾದ ಮೇಲೂ ಉಳಿದಿರುವ ಬಲವಾದ ಅಸ್ತ್ರ ವಾಹನ ನಿರ್ಬಂಧದ ಆದೇಶ: ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಮತ್ತು ರಾಜ್ಯದ 1989ರ ನಿಯಮಗಳ ಅಡಿ ಒಂದು ನಿರ್ದಿಷ್ಟ ರಸ್ತೆಗೆ ಭಾರದ ಮಿತಿ, ಹೊತ್ತಿನ ಮಿತಿ ಹಾಕಬಹುದು. ಪೊಲೀಸ್, ಆರ್‌ಟಿಒ ಇದನ್ನು ಅಲ್ಲಿಂದಲ್ಲಿಗೇ ಜಾರಿ ಮಾಡಬಲ್ಲರು. ಪರಿಸರ ಅನುಮತಿಯ ಷರತ್ತನ್ನು ಅವರು ಜಾರಿ ಮಾಡುವುದಿಲ್ಲ.

ಅನುಮತಿ ಸಿಕ್ಕಿಬಿಟ್ಟರೆ ಆದೇಶದ ಪ್ರತಿಯನ್ನು ಕೂಡಲೇ ಇಳಿಸಿಕೊಂಡು ದಿನಾಂಕ ಗುರುತು ಮಾಡಿ. ಯೋಜನೆಯವರು ಇದನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಪಂಚಾಯಿತಿಗೂ ಪ್ರತಿ ಕೊಡಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ 30 ದಿನದೊಳಗೆ. ತಕ್ಕ ಕಾರಣವಿದ್ದರೆ ಇನ್ನು 60 ದಿನ, ಅದರಾಚೆಗೆ ಇಲ್ಲ. ಷರತ್ತುಪಾಲನಾ ವರದಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಕೆಯಾಗಬೇಕು. ಜೂನ್ 1ರ ವರದಿ ಕೊಡಗಿಗೆ ಮುಖ್ಯ, ಮಳೆಗೆ ಮುಂಚಿನ ಕೊನೆಯ ದಾಖಲೆ ಅದು. ಚರಂಡಿ ಹೂಳು ತೆಗೆಸಿದ್ದೇವೆ ಎಂದು ಅದರಲ್ಲಿ ಬರೆದಿದ್ದರೆ, ಅದೇ ವಾರ ಅದೇ ಚರಂಡಿಯ ಫೋಟೋ ತೆಗೆದು ಪ್ರಾಧಿಕಾರಕ್ಕೂ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಕಳಿಸಿ, ಸ್ವೀಕೃತಿ ತೆಗೆದಿಟ್ಟುಕೊಳ್ಳಿ.